ಸುಲ್ತಾನನ ಹೆಸರೆತ್ತದ ಕಾದಂಬರಿಗಳು: ನಾನು ಓದಿದ ಬಗೆ

ಒಟ್ಟೋಮನ್ ಸಾಮ್ರಾಜ್ಯದ ಕೊನೆಗಾಲದ ತುರ್ಕಿ ಕಾದಂಬರಿಗಳನ್ನು ಓದಲು ಶುರು ಮಾಡಿದಾಗ ನೋಟ್‌ಬುಕ್ಕಿನ ಹಾಳೆಯ ನಡುವೆ ಒಂದು ಗೆರೆ ಎಳೆದೆ. ಎಡಕ್ಕೆ ರಾಜಕೀಯ, ಬಲಕ್ಕೆ ಕಾದಂಬರಿ. ಯಾವ ವರ್ಷ ಬಂತು ಅನ್ನೋದರ ಜೊತೆಗೆ ಯಾವ ಪತ್ರಿಕೆಯಲ್ಲಿ ಬಂತು, ಬರೆದವರು ಆಗ ಎಲ್ಲಿದ್ದರು ಅಂತಲೂ ಬರೆದುಕೊಂಡೆ. ಆಗ ಎಷ್ಟೋ ಕಾದಂಬರಿಗಳು ಧಾರಾವಾಹಿಯಾಗಿ ಬರುತ್ತಿದ್ದವು. ಪತ್ರಿಕೆಗೆ ಪೆಟ್ಟು ಬಿದ್ದರೆ ಕಥೆಗೂ ಬೀಳುತ್ತಿತ್ತು.

ಮೊದಲು ಬರೆದದ್ದು ಲೇಖಕ ನಾಮಿಕ್ ಕೆಮಾಲ್ ಹೆಸರು. 1873ರಲ್ಲಿ ಅವರ ದೇಶಭಕ್ತಿಯ ನಾಟಕ ನೋಡಿ ಇಸ್ತಾಂಬುಲ್‌ನ ಜನ ಉಕ್ಕಿಬಂದರು. ಸರ್ಕಾರ ಅವರನ್ನು ಸೈಪ್ರಸ್‌ನ ಮಾಗೋಸಾಗೆ ಗಡಿಪಾರು ಮಾಡಿತು. ‘ಇಂತಿಬಾಹ್’ ಕಾದಂಬರಿ ಬರೆದದ್ದು ಅಲ್ಲೇ. ಅದು ಅಚ್ಚಾದ 1876ರಲ್ಲೇ ದೇಶಕ್ಕೆ ಸಂವಿಧಾನವೂ ಬಂತು. ಆದರೆ ಕಥೆ ಪೂರ್ತಿ ಒಬ್ಬ ಹುಡುಗನ ಮೋಹದ್ದು. ತಂದೆ ತೀರಿಕೊಂಡ ಮೇಲೆ ಆತ ದಾರಿ ತಪ್ಪುತ್ತಾನೆ. ಆ ಕಾಲದ ಬೇರೆ ಕಾದಂಬರಿಗಳಲ್ಲೂ ಇಂಥ ತಂದೆಯಿಲ್ಲದ ಹುಡುಗರೇ ಜಾಸ್ತಿ. ವಿಮರ್ಶಕಿ ಜಾಲೆ ಪರ್ಲಾ ಇದನ್ನೇ ಹಿಡಿದು ಒಂದು ಪುಸ್ತಕ ಬರೆದಿದ್ದಾರೆ. ಯಜಮಾನನಿಲ್ಲದ ಮನೆ, ಹಿಡಿತ ತಪ್ಪುತ್ತಿರುವ ಸಾಮ್ರಾಜ್ಯ. ಈ ನಂಟು ಕಂಡ ಮೇಲೆ ನನ್ನ ಓದೇ ಬದಲಾಯಿತು.

1878ರಲ್ಲಿ ಸುಲ್ತಾನ ಎರಡನೇ ಅಬ್ದುಲ್ ಹಮೀದ್ ಸಂಸತ್ತಿಗೆ ಬೀಗ ಹಾಕಿದ. ಮುಂದಿನ ಮೂವತ್ತು ವರ್ಷ ಗೂಢಚಾರರು, ಸೆನ್ಸಾರ್. ಈ ಕಾಲದ್ದು ಕಾದಂಬರಿಕಾರ ಹಾಲಿತ್ ಜಿಯಾ ಅವರ ‘ಮಾಯಿ ವೆ ಸಿಯಾಹ್’, ಅಂದರೆ ‘ನೀಲಿ ಮತ್ತು ಕಪ್ಪು’. ನಾನು ಅತಿ ಹೆಚ್ಚು ಸಲ ತಿರುವಿಹಾಕಿದ ಪುಸ್ತಕ ಇದೇ. ನಾಯಕ ಅಹ್ಮೆತ್ ಜೆಮಿಲ್ ಪತ್ರಿಕೆಯಲ್ಲಿ ದುಡಿಯುವ ಯುವಕವಿ. ಶುರುವಿನಲ್ಲಿ ಇಸ್ತಾಂಬುಲ್‌ನ ತೆಪೆಬಾಶಿಯ ತೋಟದಲ್ಲಿ ಸಂಗೀತ, ಔತಣ, ನೀಲಿ ರಾತ್ರಿ, ಕಣ್ತುಂಬ ಕನಸು. ಕೊನೆಗೆ ತಾನು ಬರೆದ ಕಾವ್ಯವನ್ನು ತಾನೇ ಸುಡುತ್ತಾನೆ. ಅಮ್ಮನನ್ನು ಕರಕೊಂಡು ದೂರದ ಕೆಲಸಕ್ಕೆ ಹಡಗು ಹತ್ತುತ್ತಾನೆ, ರಾತ್ರಿ ಕಪ್ಪು. ಸುಲ್ತಾನನ ವಿರುದ್ಧ ಒಂದು ಮಾತೂ ಇಲ್ಲ. ಆದರೂ ಓದುವವರಿಗೆ ಉಸಿರು ಕಟ್ಟುತ್ತದೆ, ಅಲ್ವಾ?

ಇದನ್ನು ಕಂತುಕಂತಾಗಿ ಅಚ್ಚು ಹಾಕಿದ ‘ಸೆರ್ವೆತಿ ಫುನೂನ್’ ಪತ್ರಿಕೆಗೆ 1901ರಲ್ಲಿ ಬಾಗಿಲು ಬಿತ್ತು. ಫ್ರೆಂಚಿನಿಂದ ಅನುವಾದಿಸಿದ ಒಂದು ಲೇಖನದಲ್ಲಿ 1789ರ ಕ್ರಾಂತಿಯ ಪ್ರಸ್ತಾಪ ಇತ್ತು ಅನ್ನೋದು ಕಾರಣ. ಆಗ ಬರುತ್ತಿದ್ದ ಹಾಲಿತ್ ಜಿಯಾರ ‘ಕಿರಿಕ್ ಹಯಾತ್ಲಾರ್’ ಅರ್ಧಕ್ಕೇ ನಿಂತಿತು. ಅದು ಪುಸ್ತಕವಾಗಿ ಬಂದದ್ದು 1920ರ ದಶಕದಲ್ಲಿ, ಸಾಮ್ರಾಜ್ಯವೇ ಹೋದ ಮೇಲೆ.

1908ರ ಜುಲೈನಲ್ಲಿ ಸಂವಿಧಾನ ಮರಳಿತು. ಪತ್ರಿಕೆಗಳು ಸೆನ್ಸಾರ್‌ಗೆ ತೋರಿಸದೆ ಅಚ್ಚಾದವು. ಅದೇ ಹಾಲಿತ್ ಜಿಯಾ ‘ಸಬಾಹ್’ ಪತ್ರಿಕೆಯಲ್ಲಿ ‘ನೆಸ್ಲಿ ಆಹಿರ್’ ಶುರು ಮಾಡಿದರು. ಈಗ ಹಮೀದನ ಕಾಲದ ದಬ್ಬಾಳಿಕೆಯೇ ಕಥೆ. 1912ರಲ್ಲಿ ಲೇಖಕಿ ಹಾಲಿದೆ ಎದಿಪ್ ‘ಯೆನಿ ತುರಾನ್’ ಬರೆದಾಗ ರಾಜಕೀಯ ಪಕ್ಷಗಳೇ ಕಾದಂಬರಿಯೊಳಕ್ಕೆ ಬಂದವು.

ಬಾಯಿ ಬಿಟ್ಟು ಹೇಳುವ ಸ್ವಾತಂತ್ರ್ಯ ಬಂದ ಮೇಲಿನ ಪುಸ್ತಕಗಳಿಗಿಂತ ಅದಿಲ್ಲದಾಗಿನವೇ ನನಗೆ ದೊಡ್ಡವಾಗಿ ಕಾಣುತ್ತವೆ. ಸೆನ್ಸಾರ್ ಒಳ್ಳೆಯದು ಅಂತ ಅಲ್ಲ. ಎಷ್ಟು ಕಾದಂಬರಿಗಳು ಬರೆಯುವ ಮೊದಲೇ ಸತ್ತವೋ! ನೀವು ಓದುವುದಾದರೆ ಮೊದಲು ‘ಮಾಯಿ ವೆ ಸಿಯಾಹ್’ ಹಿಡಿಯಿರಿ. ಪಕ್ಕದಲ್ಲಿ ಇಸವಿಗಳ ಪಟ್ಟಿ ಇರಲಿ.