ನಾಯಿಗೆ 'ಸಿಟ್' ಕಲಿಸೋದು ಹೇಗೆ? ಮೊದ್ಲು ನೀವು ಬಾಯಿ ಮುಚ್ಕೊಳ್ಳಿ

ಸಾಯಂಕಾಲ ಯಾವ ಲೇಔಟ್ ಪಾರ್ಕ್‌ಗೆ ಹೋದ್ರೂ ಇದೇ ಕೇಳ್ಸುತ್ತೆ, "ಸಿಟ್. ಸಿಟ್. ಸಿಟ್ ಅಂದೆ ತಾನೆ? ಏಯ್ ಬ್ರೂನೋ, ಸಿಟ್!" ಬ್ರೂನೋ ಬಾಲ ಅಲ್ಲಾಡಿಸ್ಕೊಂಡು ಚುರುಮುರಿ ಗಾಡಿ ಕಡೆ ನೋಡ್ತಾ ನಿಂತಿರುತ್ತೆ. ಕಿರುಚಿ ಕಿರುಚಿ ಸುಸ್ತಾದ್ಮೇಲೆ ಓನರ್ರು ಅದರ ಸೊಂಟ ಅದುಮಿ ಕೂರಿಸಿ "ನೋಡಿ, ಈಗ ಮಾತು ಕೇಳ್ದ" ಅಂತಾರೆ. ಎಲ್ಲಿ ಕೇಳಿದ್ದು? ನೀವು ಒತ್ತಿದ್ರಿ, ಅದು ಕುಸೀತು ಅಷ್ಟೆ. ಒತ್ತಿದಷ್ಟೂ ನಾಯಿ ಕಾಲು ಬಿಗಿಮಾಡಿ ಎದುರು ತಳ್ಳೋಕೆ ಕಲಿಯುತ್ತೆ, ಜೊತೆಗೆ ಮರಿಗಳ ಸೊಂಟದ ಕೀಲಿಗೆ ಅದು ಒಳ್ಳೇದೂ ಅಲ್ಲ.

ಎಂಟು ವಾರದ ಮರೀನೂ ದಿನಕ್ಕೆ ಎಷ್ಟೋ ಸಲ ತಾನಾಗೇ ಕೂತು ಏಳುತ್ತೆ. ಅದಕ್ಕೆ ಗೊತ್ತಿಲ್ದೇ ಇರೋದು ಒಂದೇ, ನೀವು ಹೇಳಿದಾಗ ಕೂತ್ರೆ ತನಗೇನು ಲಾಭ ಅಂತ.

ಹಾಗಾಗಿ ಮೊದ್ಲು ಲಂಚ ರೆಡಿ ಮಾಡ್ಕೊಳ್ಳಿ. ಬೇಯಿಸಿದ ಚಿಕನ್ನು, ಮೂಳೆ ತೆಗೆದು, ಬಟಾಣಿ ಕಾಳಿನಷ್ಟು ಚೂರು. ವೆಜ್ ಮನೆಯಾದ್ರೆ ಪನೀರು. ನನ್ನ ಓಟು ಚಿಕನ್ ಲಿವರ್‌ಗೆ, ಬೇಯಿಸಿ ತವಾ ಮೇಲೆ ಸಣ್ಣ ಉರೀಲಿ ಒಣಗಿಸಿದ್ರೆ ಆ ವಾಸನೆಗೇ ನಾಯಿ ಪ್ರಪಂಚ ಮರೆಯುತ್ತೆ, ಪ್ಯಾಂಟ್ ಜೇಬು ನಾರೋದು ಬೇರೆ ವಿಷ್ಯ. ಉಪ್ಪು, ಖಾರ, ಈರುಳ್ಳಿ ಬೇಡ, ದ್ರಾಕ್ಷಿ ಒಣದ್ರಾಕ್ಷಿ ಚಾಕೊಲೇಟ್ ಅಂತೂ ನಾಯಿಗೆ ವಿಷ. ಪೆಟ್ ಶಾಪ್‌ನಲ್ಲಿ ಸಿಗೋ ಆ ಮೂಳೆ ಆಕಾರದ ದಪ್ಪ ಬಿಸ್ಕೆಟ್ ತರ್ಲೇಬೇಡಿ, ಕಟುಂ ಕುಟುಂ ಅಂತ ಅಗಿದು ಮುಗಿಸಿ ನೆಲದ ಮೇಲೆ ಬಿದ್ದ ಪುಡೀನೆಲ್ಲ ನೆಕ್ಕೋ ಹೊತ್ತಿಗೆ ಯಾಕೆ ಸಿಕ್ತು ಅನ್ನೋದೇ ಮರ್ತುಹೋಗಿರುತ್ತೆ. ಕ್ಲಿಕ್ಕರ್, ಅಂದ್ರೆ ನಾಯಿ ಸರಿಯಾಗಿ ಮಾಡಿದ ಕ್ಷಣಕ್ಕೆ ಒತ್ತಿ ಟಿಕ್ ಅನ್ಸೋ ಪುಟ್ಟ ಡಬ್ಬಿ, ಕೆಟ್ಟದ್ದೇನಲ್ಲ, ಆದ್ರೆ ಒಂದು ಕೈಲಿ ಚಿಕನ್ನು ಇನ್ನೊಂದು ಕೈಲಿ ಲೀಶು ಇದ್ರೆ ಅದನ್ನ ಯಾವ ಕೈಲಿ ಹಿಡೀತೀರ? ಬಾಯಲ್ಲಿ "ಗುಡ್" ಅಂದ್ರೆ ಸಾಕು, ಪುಕ್ಸಟ್ಟೆ. ಆನ್‌ಲೈನ್‌ನಲ್ಲಿ ಕತ್ತಿಗೆ ಕರೆಂಟ್ ಹೊಡೆಯೋ ಶಾಕ್ ಕಾಲರ್ ನೋಡಿ ಆರ್ಡರ್ ಮಾಡೋ ಯೋಚನೆ ಇದ್ರೆ ನಾಯಿ ಸಾಕೋ ಯೋಚನೆ ಬಿಡಿ.

ಜಾಗ: ಮನೆ ಒಳಗೆ, ಟಿವಿ ಆಫ್, ಊಟಕ್ಕೆ ಸ್ವಲ್ಪ ಮುಂಚೆ. ಗ್ರಾನೈಟು, ಟೈಲ್ಸ್ ಮೇಲೆ ಹಿಂಗಾಲು ಜಾರುತ್ತೆ, ಒಂದು ಹಳೇ ಜಮಖಾನ ಹಾಸಿ. ಮುಧೋಳ ನಾಯಿ ಇದ್ರಂತೂ ಇದು ಬೇಕೇ ಬೇಕು, ಅದರ ಮೈಮೇಲೆ ಮಾಂಸ ಕಡಿಮೆ, ಗಟ್ಟಿ ನೆಲದ ಮೇಲೆ ಕೂರೋದು ಅದಕ್ಕೆ ಹಿಂಸೆ. ಹಾಸದೆ ಅದು ಕೂರ್ದಿದ್ರೆ ಆಮೇಲೆ "ಲ್ಯಾಬ್ರಡಾರ್ ಜಾಣ, ನಮ್ಮೂರ ನಾಯಿ ದಡ್ಡ" ಅಂತೀರ.

ಈಗ ಎಲ್ಲರೂ ಎಡವೋ ಜಾಗ, ಕೈ. ಚೂರನ್ನ ಹೆಬ್ಬೆರಳು ಮತ್ತೆ ಎರಡು ಬೆರಳಿನ ಮಧ್ಯೆ ಹಿಡಿದು ನಾಯಿ ಮೂಗಿಗೆ ಹೆಚ್ಚುಕಮ್ಮಿ ತಾಗಿಸಿ. ನೆಕ್ಲಿ, ಮೂಸ್ಲಿ, ಬಿಡ್ಬೇಡಿ. ಅದು ಬೆರಳಿಗೆ ಅಂಟ್ಕೊಂಡ ಮೇಲೆ ಕೈನ ನಿಧಾನಕ್ಕೆ ಮೂಗಿಂದ ಎರಡು ಕಣ್ಣಿನ ಮಧ್ಯೆ, ಅಲ್ಲಿಂದ ತಲೆ ಮೇಲೆ, ಬಾಲದ ದಿಕ್ಕಿಗೆ ಒಯ್ಯಿರಿ. ಮೂಗು ಕೈ ಹಿಂದೆ ಮೇಲೆ ಹೋಗುತ್ತೆ, ಕತ್ತು ಹಿಂದಕ್ಕೆ ಬಾಗುತ್ತೆ, ಹಿಂಭಾಗ ತಾನಾಗೇ ಕೆಳಗಿಳಿಯುತ್ತೆ. ನಾಯಿ ಎಗರ್ತಾ ಇದ್ಯಾ? ಕೈ ಜಾಸ್ತಿ ಎತ್ತರ ಹೋಯ್ತು, ತಲೆಯಿಂದ ಎರಡು ಇಂಚು ಮೇಲಿದ್ರೆ ಸಾಕು. ಹಿಂದಕ್ಕೆ ಹಿಂದಕ್ಕೆ ನಡೀತಿದ್ಯಾ? ಗೋಡೆ ಮೂಲೆಗೆ ಬೆನ್ನು ಮಾಡಿ ನಿಲ್ಲಿಸ್ಕೊಳ್ಳಿ. ಆಸಕ್ತಿ ಬಿಟ್ಟು ಬೇರೆ ಕಡೆ ನೋಡ್ತಿದ್ರೆ ನೀವು ಅವಸರ ಮಾಡಿದ್ರಿ. ಸಣ್ಣ ಮರಿಯಾದ್ರೆ ಮೈಮೇಲೆ ಬಗ್ಗಬೇಡಿ, ಹೆದರ್ಕೊಳ್ಳುತ್ತೆ, ನೀವೇ ನೆಲದ ಮೇಲೆ ಕೂತ್ಕೊಳ್ಳಿ.

ಇಷ್ಟು ಹೊತ್ತೂ ಒಂದು ಪದ ಆಡ್ಬೇಡಿ. ಕೂರೋದೇ ಗ್ಯಾರಂಟಿ ಇಲ್ದಿರೋವಾಗ ಸಿಟ್ ಸಿಟ್ ಅಂದ್ರೆ ಆ ಪದ ಫ್ಯಾನ್ ಸದ್ದಿನ ಹಾಗೆ ಆಗ್ಬಿಡುತ್ತೆ, ಕಿವಿಗೆ ಬೀಳುತ್ತೆ ಆದ್ರೆ ಯಾರೂ ಕೇಳ್ಸ್ಕೊಳಲ್ಲ.

ಹಿಂಭಾಗ ನೆಲ ಮುಟ್ಟಿದ ಆ ಕ್ಷಣಕ್ಕೇ "ಗುಡ್", ತಕ್ಷಣ ಬಾಯಿಗೆ ಚೂರು, ಅದೂ ಕೂತಲ್ಲೇ. ಜೇಬಿಗೆ ಕೈ ಹಾಕಿ ಪ್ಲಾಸ್ಟಿಕ್ ಕವರ್ ಬಿಚ್ಚೋ ಹೊತ್ತಿಗೆ ಅದು ಎದ್ದಿರುತ್ತೆ, ನೀವು ಆಗ ಕೊಟ್ರೆ ಏಳೋದಕ್ಕೆ ಸಂಬಳ ಕೊಟ್ಟ ಹಾಗಾಯ್ತು. ಐದಾರು ಸಲ ಮಾಡಿ ನಿಲ್ಸಿ, ಇನ್ನೂ ಬೇಕು ಅಂತಿರೋವಾಗ್ಲೇ ನಿಲ್ಸಿ. ದಿನಕ್ಕೆ ಎರಡು ಮೂರು ಸಲ, ಮೂರು ಮೂರು ನಿಮಿಷ.

ಮುಂದಿನದು ಜನ ಹಾರಿಸ್ಬಿಡೋ ಹೆಜ್ಜೆ, "ಚಿಕನ್ ತೋರ್ಸಿದ್ರೆ ಮಾತ್ರ ಕೂರುತ್ತೆ ಸಾರ್" ಅನ್ನೋ ಕಂಪ್ಲೇಂಟ್ ಹುಟ್ಟೋದೇ ಇಲ್ಲಿ. ಕೈ ಹಿಂದೆ ಸಲೀಸಾಗಿ ಕೂರೋಕೆ ಶುರು ಮಾಡಿದ ತಕ್ಷಣ, ವಾರಗಟ್ಟಲೆ ಕಾಯದೆ, ಚೂರನ್ನ ಎಡಗೈಗೆ ಹಾಕಿ ಬೆನ್ನ ಹಿಂದೆ ಇಟ್ಕೊಳ್ಳಿ. ಬಲಗೈ ಖಾಲಿ, ಆದ್ರೆ ಬೆರಳು ಅದೇ ಆಕಾರ, ದಾರಿ ಅದೇ, ವೇಗ ಅದೇ. ನಾಯಿ ಮೋಸ ಹೋಗಿ ಕೂರುತ್ತೆ. "ಗುಡ್", ಎಡಗೈಯಿಂದ ಕೊಡಿ. ಕಣ್ಣಿಗೆ ಕಾಣ್ದಿದ್ರೂ ಕೂತ್ರೆ ಸಿಗುತ್ತೆ ಅಂತ ಅದಕ್ಕೆ ಅರ್ಥ ಆಗೋದು ಆಗ್ಲೇ. ದಿನ ಕಳೀತಾ ಕೈ ಚಲನೆ ಚಿಕ್ಕದು ಮಾಡಿ, ಕೊನೆಗೆ ಅಂಗೈ ಸ್ವಲ್ಪ ಮೇಲೆತ್ತಿದ್ರೂ ಸಾಕಾಗುತ್ತೆ.

ಈಗ ಬಾಯಿ ಬಿಡಬಹುದು. ಒಂದೇ ಸಲ "ಸಿಟ್", ಒಂದು ಸೆಕೆಂಡ್ ಬಿಟ್ಟು ಕೈ. ಪದ ಕೈ ಎರಡೂ ಒಟ್ಟಿಗೆ ಬಂದ್ರೆ ನಾಯಿ ಕೈನೇ ನೋಡುತ್ತೆ, ಮಾತು ಅದರ ಲೆಕ್ಕಕ್ಕೇ ಇಲ್ಲ. ಹೀಗೆ ಮಾಡ್ತಾ ಮಾಡ್ತಾ ಒಂದಿನ ಕೈ ಏಳೋಕೆ ಮುಂಚೆನೇ ಕೂತ್ಬಿಡುತ್ತೆ, ಆವತ್ತು ಜಿಪುಣತನ ಮಾಡ್ದೆ ಒಂದಾದ್ಮೇಲೊಂದು ನಾಲ್ಕೈದು ಚೂರು ಕೊಡಿ. ಕೂರ್ಲಿಲ್ಲ ಅಂದ್ರೆ ರಿಪೀಟ್ ಬೇಡ, ಮತ್ತೆ ಕೈ ತೋರ್ಸಿ. ಅಜ್ಜಿ "ಕೂತ್ಕೊಳೋ ಮರಿ", ಮಗ "ಸಿಟ್", ಯಜಮಾನ್ರು "ಸಿಟ್ ಡೌನ್" ಅಂತ ಮೂರು ಥರ ಹೇಳಿದ್ರೆ ಆ ಪ್ರಾಣಿ ಏನು ಮಾಡ್ಬೇಕು? ಮನೆಯವರೆಲ್ಲ ಒಂದು ಪದಕ್ಕೆ ಒಪ್ಕೊಳ್ಳಿ, ಅಜ್ಜಿ ಒಪ್ಪದಿದ್ರೆ ಅಜ್ಜಿ ಪದಾನೇ ಇಟ್ಕೊಳ್ಳಿ. ಕೂತಿದ್ದು ಸಾಕು ಅನ್ನೋಕೆ "ಓಕೆ" ಅಂತ ಇನ್ನೊಂದು ಪದ ಇರ್ಲಿ, ಇಲ್ದಿದ್ರೆ ಯಾವಾಗ ಏಳ್ಬೇಕು ಅನ್ನೋದನ್ನ ಅದೇ ತೀರ್ಮಾನ ಮಾಡುತ್ತೆ.

ಹಾಲ್‌ನಲ್ಲಿ ಬಂತು ಅಂತ ನೇರ ಪಾರ್ಕ್‌ಗೆ ಕರ್ಕೊಂಡು ಹೋಗ್ಬೇಡಿ. ಮೆಟ್ಟಿಲು, ಗೇಟು, ರಸ್ತೆ, ಆಮೇಲೆ ಪಾರ್ಕು, ಪ್ರತಿ ಹೊಸ ಜಾಗದಲ್ಲೂ ಚಿಕನ್‌ನಿಂದಾನೇ ಶುರು ಮಾಡ್ಬೇಕು. ಚಿಕನ್ ಕಡಿಮೆ ಮಾಡೋದು ಸುಲಭ, ಊಟದ ತಟ್ಟೆ ಇಡೋಕೆ ಮುಂಚೆ, ಲೀಶ್ ಹಾಕೋಕೆ ಮುಂಚೆ, ಬಾಗ್ಲು ತೆಗೆಯೋಕೆ ಮುಂಚೆ ಒಂದೊಂದು ಸಿಟ್, ಬಾಗ್ಲು ತೆಗೆದಿದ್ದೇ ಸಂಬಳ. ಬೇಸಿಗೇಲಿ ಕಾದ ಟಾರ್ ಮೇಲೆ, ಮಳೇಲಿ ಕೆಸರಲ್ಲಿ ಕೂರು ಅನ್ನೋದು ಅನ್ಯಾಯ, ಕೇಳ್ದೇ ಇದ್ರೆ ಅದರದ್ದೇ ಸರಿ.

ಚೆನ್ನಾಗಿ ಕೂರ್ತಿದ್ದ ನಾಯಿ ಇದ್ದಕ್ಕಿದ್ದ ಹಾಗೆ ಅರ್ಧ ಬಗ್ಗಿ ನಿಂತುಬಿಡ್ತಿದ್ರೆ, ಅಥವಾ ಒಂದು ಕಾಲು ಪಕ್ಕಕ್ಕೆ ಚಾಚಿ ಕೂರ್ತಿದ್ರೆ ಹಠ ಅಂದ್ಕೋಬೇಡಿ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಲ್ಲಿ ಸೊಂಟದ ಕೀಲಿನ ತೊಂದ್ರೆ ಮಾಮೂಲು. ಟ್ರೈನರ್ ನಂಬರ್ ಹುಡುಕೋದು ಬಿಟ್ಟು ವೆಟ್ ಹತ್ರ ಒಂದು ಎಕ್ಸ್‌ರೇ ತೆಗೆಸಿ.