ಯಾಣದ ಗುಹೆಯ ಆಟ ಎಲ್ಲರ ಯಂತ್ರದಲ್ಲೂ ತೆರೆಯಬೇಕಾದರೆ

ಯಾಣದ ಭೈರವೇಶ್ವರ ಶಿಖರದ ಬುಡದಲ್ಲಿ ದಾರಿ ತಪ್ಪಿದವನ ಕಥೆಯೊಂದನ್ನು, ಆಜ್ಞೆಗಳನ್ನು ಟೈಪು ಮಾಡುತ್ತ ಆಡುವ ಪಠ್ಯಸಾಹಸದ ಆಟವಾಗಿ ಶಿರಸಿಯಲ್ಲಿ ಬರೆದು, ಕಾರವಾರದಲ್ಲಿರುವ ತಂಗಿಯ ಮಕ್ಕಳಿಗೆ ಕಳಿಸಿದ್ದೆ. ವಿಂಡೋಸ್‌ನಲ್ಲಿ ಮಾತ್ರ ಓಡುವ ಪ್ರೋಗ್ರಾಮಾಗಿ ಕಳಿಸಿದ್ದರಿಂದ ಅವರ ಲಿನಕ್ಸ್ ಲ್ಯಾಪ್‌ಟಾಪಿನಲ್ಲಾಗಲಿ ಫೋನಿನಲ್ಲಾಗಲಿ ಅದು ತೆರೆಯಲೇ ಇಲ್ಲ. ತಪ್ಪು ನನ್ನದೇ.

ಈ ತೊಡಕಿಗೆ ಪಠ್ಯಸಾಹಸದ ಆಟಗಳನ್ನು ತಯಾರಿಸುತ್ತಿದ್ದ ಅಮೆರಿಕದ ಇನ್ಫೋಕಾಮ್ ಕಂಪನಿಯ ಜೋಯೆಲ್ ಬೆರೆಜ್ ಮತ್ತು ಮಾರ್ಕ್ ಬ್ಲಾಂಕ್ 1979ರಲ್ಲಿಯೇ ಪರಿಹಾರ ಕಂಡುಕೊಂಡಿದ್ದರು. ಪ್ರಸಂಗದ ಪುಸ್ತಕ ಒಂದೇ ಇದ್ದು ಯಾವ ಮೇಳ ಬೇಕಾದರೂ ಅದನ್ನು ಆಡಬಹುದಲ್ಲವೇ, ಹಾಗೆ ಅವರು ರೂಪಿಸಿದ ಜೆಡ್-ಮೆಷಿನ್ ಎಂಬ ಕಾಲ್ಪನಿಕ ಯಂತ್ರಕ್ಕೆ ಬರೆದ ಕಥೆಯ ಕಡತ ಒಂದೇ. ಅದನ್ನು ಓದಿ ಆಡಿಸುವ ಇಂಟರ್‌ಪ್ರಿಟರ್ ಮಾತ್ರ ಯಂತ್ರಕ್ಕೊಂದು. ಆದ್ದರಿಂದ ಹಂಚಬೇಕಾದದ್ದು ಕಥೆಯ ಕಡತವನ್ನು. ಗಾರ್ಗಾಯ್ಲ್ ಅಥವಾ ಲೆಕ್ಟ್ರೋಟ್ ಎಂಬ ಇಂಟರ್‌ಪ್ರಿಟರ್ ಹಾಕಿಕೊಂಡರೆ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಆಡಬಹುದು. ಪಾರ್ಚ್‌ಮೆಂಟ್ ಎಂಬ ಇನ್ನೊಂದು ಇಂಟರ್‌ಪ್ರಿಟರ್ ಬ್ರೌಸರಿನಲ್ಲೇ ಆಡಿಸುತ್ತದೆ.

ಕನ್ನಡದ ಆಟಕ್ಕೆ ಇಷ್ಟು ಸಾಲದು. ಜೆಡ್-ಮೆಷಿನ್‌ನ 5ನೆಯ ಆವೃತ್ತಿಯಲ್ಲಿ ಇಂಗ್ಲಿಷಿನಾಚೆಯ ಅಕ್ಷರಗಳಿಗೆ ಮೀಸಲಾದ ಕೋಷ್ಟಕದಲ್ಲಿ ಹೆಚ್ಚೆಂದರೆ 97 ಸ್ಥಾನಗಳಿವೆ. ಅದರಲ್ಲಿ ಹೇಗೋ ತುರುಕಿದರೂ, ಅಕ್ಷರಗಳನ್ನು ಒಂದೊಂದಾಗಿ ಮೂಡಿಸುವ ಇಂಟರ್‌ಪ್ರಿಟರಿನಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಚೆಲ್ಲುತ್ತವೆ. 1999ರಲ್ಲಿ ಆಂಡ್ರ್ಯೂ ಪ್ಲಾಟ್ಕಿನ್ ರೂಪಿಸಿದ, ಇಂಥದ್ದೇ ಇನ್ನೊಂದು ಕಾಲ್ಪನಿಕ ಯಂತ್ರವಾದ ಗ್ಲಲ್ಕ್ಸ್ ಅಕ್ಷರಗಳ ಸಂಖ್ಯೆಯ ವಿಷಯದಲ್ಲಿ ಉದಾರವಾದುದು. ಆದರೂ ಅಕ್ಷರ ಜೋಡಣೆಯನ್ನು ಬ್ರೌಸರಿಗೆ ಒಪ್ಪಿಸುವುದೇ ಲೇಸೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಆ ಕೆಲಸವನ್ನು ಅದು ದಿನವೂ ಮಾಡುತ್ತಿರುತ್ತದೆ.

ಇನ್ನು ಆಟಗಾರನು ಟೈಪಿಸುವ ಆಜ್ಞೆಯ ಮಾತು. "ಕೊಡಲಿ ತಗೋ" ಎಂಬಲ್ಲಿನ "ಕೊ"ದ ಸ್ವರಚಿಹ್ನೆಯನ್ನು, ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್ ಪದ್ಧತಿಯಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಚಿಹ್ನೆಗಳನ್ನು ಜೋಡಿಸಿ ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಆಟಕ್ಕೆ ಮಾತ್ರ ಬೇರೆ ಪದಗಳು, ಹೀಗಾಗಿ ಕೊಡಲಿ ಎದುರಿಗೇ ಇದ್ದರೂ "ಅಂಥ ವಸ್ತು ಇಲ್ಲಿಲ್ಲ" ಎಂಬ ಉತ್ತರ ಬರುತ್ತದೆ. ಬ್ರೌಸರಿನಲ್ಲಿ ಓಡುವ ಪ್ರೋಗ್ರಾಮುಗಳ ಭಾಷೆಯಾದ ಜಾವಾಸ್ಕ್ರಿಪ್ಟಿನ ನಾರ್ಮಲೈಸ್ ಎಂಬ ಸೌಲಭ್ಯದಿಂದ ಆಜ್ಞೆಯನ್ನೂ ಆಟದ ಪದಕೋಶವನ್ನೂ ಒಂದೇ ರೂಪಕ್ಕೆ ತಂದು ಹೋಲಿಸಬೇಕು. ಜೊತೆಗೆ "ಕೊಡಲಿಯನ್ನು" ಎಂದವನಿಗೂ ಕೊಡಲಿ ಸಿಗುವಂತೆ ವಿಭಕ್ತಿರೂಪಗಳನ್ನು ಸೇರಿಸಬೇಕು.

ಇಷ್ಟೆಲ್ಲ ಬೇಡವೆನ್ನುವವರು ಕಥೆಯಾಟಗಳನ್ನು ಕಟ್ಟಲೆಂದು 2009ರಲ್ಲಿ ಹೊರಬಂದ ಟ್ವೈನ್ ಎಂಬ ತಂತ್ರಾಂಶದಲ್ಲಿ ಬರೆಯಬಹುದು. ಅಲ್ಲಿ ಕೊಂಡಿಗಳನ್ನು ಒತ್ತಿ ಮುಂದೆ ಸಾಗುವುದರಿಂದ ಟೈಪಿಸುವ ಗೋಜಿಲ್ಲ, ಆಟವೂ ಬ್ರೌಸರಿನಲ್ಲಿ ತೆರೆಯುವ ಒಂದೇ ಎಚ್‌ಟಿಎಂಎಲ್ ಕಡತವಾಗಿ ಸಿಗುತ್ತದೆ. ಚಿತ್ರಗಳಿದ್ದರೆ ಅವನ್ನು ಪ್ರತ್ಯೇಕವಾಗಿ ಇಟ್ಟು, ಎಲ್ಲವನ್ನೂ ಜಿಪ್ ಮಾಡಿ ಕಳಿಸಬೇಕು. ಚಿತ್ರದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಅದಲುಬದಲಾದರೆ ವಿಂಡೋಸ್ ಸುಮ್ಮನಿರುತ್ತದೆ, ಲಿನಕ್ಸ್ ಚಿತ್ರವನ್ನೇ ತೋರಿಸುವುದಿಲ್ಲ. ಹೆಸರುಗಳನ್ನೆಲ್ಲ ಸಣ್ಣಕ್ಷರದಲ್ಲೇ ಇಡುವುದು ಕ್ಷೇಮ. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರಾಯಿತು.

ಆಟವನ್ನು ತಿದ್ದಿ ಮರಳಿ ಕಳಿಸುವಾಗ ಒಂದು ಎಚ್ಚರಿಕೆ ಬೇಕು. ಜೆಡ್-ಮೆಷಿನ್‌ನಲ್ಲಿ ಉಳಿಸಿಟ್ಟ ಆಟವನ್ನು ಕ್ವೆಟ್ಜಲ್ ಎಂಬ ಸಾಮಾನ್ಯ ಮಾದರಿಯಿಂದಾಗಿ ಇನ್ನೊಂದು ಯಂತ್ರದಲ್ಲಿ ಮುಂದುವರಿಸಬಹುದಾದರೂ, ಕಥೆಯ ಕಡತ ಬದಲಾದರೆ ಹಳೆಯದು ಹೊಂದುವುದಿಲ್ಲ. ಆದ್ದರಿಂದ ಹೊಸ ಕಡತದ ಹೆಸರಿನಲ್ಲಿ ಆವೃತ್ತಿಯ ಸಂಖ್ಯೆಯನ್ನು ಸೇರಿಸಿ, ಗುಹೆಯ ನಡುವೆ ನಿಂತಿರುವವರು ಹಳೆಯ ಕಡತದಲ್ಲೇ ಆಟ ಮುಗಿಸಲೆಂದು ತಿಳಿಸಬೇಕು.