ಹೆಡ್‌ಫೋನ್‌ಗೆ ಹೊಸ ಕೇಬಲ್: ತಂತಿ ಮತ್ತು ಹೊದಿಕೆಯನ್ನು ಆರಿಸುವ ಬಗೆ

ಹೆಡ್‌ಫೋನ್‌ನ ಹಳೆಯ ಕೇಬಲ್ ತೆಗೆದು ಹೊಸದನ್ನು ಕೈಯಾರೆ ಹಾಕಲು ಹೊರಟವರಲ್ಲಿ ಹೆಚ್ಚಿನವರು ಮೊದಲು ತಂತಿ ಕೊಂಡು, ಆಮೇಲೆ ಹೆಡ್‌ಫೋನ್ ಬಿಚ್ಚುತ್ತಾರೆ. ಮೊದಲು ಬಿಚ್ಚಿ ನೋಡುವುದು ಒಳ್ಳೆಯದು. ಕೇಬಲ್ ಎರಡೂ ಇಯರ್‌ಕಪ್‌ಗಳಿಗೆ ಬೇರೆ ಬೇರೆಯಾಗಿ ಹೋಗಿದೆಯೇ, ಅಥವಾ ಎಡಗಡೆಗೆ ಮಾತ್ರ ಬಂದು ಅಲ್ಲಿಂದ ಹೆಡ್‌ಬ್ಯಾಂಡ್‌ನ ಒಳಗಿನಿಂದ ಬಲಕ್ಕೆ ದಾಟಿದೆಯೇ, ಅದು ಒಳಹೊಕ್ಕುವ ರಂಧ್ರದ ವ್ಯಾಸ ಎಷ್ಟು ಎಂಬುದು ತಿಳಿಯದೆ ತಂತಿಯ ದಪ್ಪವನ್ನಾಗಲಿ ಹೊದಿಕೆಯ ಅಳತೆಯನ್ನಾಗಲಿ ನಿರ್ಧರಿಸಲು ಬರುವುದಿಲ್ಲ. ಸೆನ್‌ಹೈಸರ್ ಎಚ್‌ಡಿ 600 ಮತ್ತು ಎಚ್‌ಡಿ 650ರಂತಹ ಮಾದರಿಗಳಲ್ಲಿ ಕೇಬಲ್ ಎರಡು ಪಿನ್‌ಗಳ ಪ್ಲಗ್ ಮೂಲಕ ಪ್ರತಿ ಕಪ್‌ಗೂ ಸೇರುತ್ತದೆ; ಒಂದು ಪಿನ್ ದಪ್ಪ, ಇನ್ನೊಂದು ತೆಳು, ಹೀಗಾಗಿ ತಿರುಗುಮುರುಗಾಗಿ ಹಾಕುವ ಭಯವಿಲ್ಲ. ಗ್ರಾಡೋ ಎಸ್‌ಆರ್ 60, ಎಸ್‌ಆರ್ 80 ಮಾದರಿಗಳಲ್ಲಿ ಕೇಬಲ್ ಕಪ್‌ನೊಳಗೇ ಬೆಸುಗೆಯಾಗಿರುವುದರಿಂದ ಕೆಲಸ ಹೆಚ್ಚು, ತಪ್ಪಿಗೆ ಅವಕಾಶವೂ ಹೆಚ್ಚು.

ನಾಲ್ಕು ತಂತಿಗಳ ಕೇಬಲನ್ನೇ ಆರಿಸಿ. ಅಗ್ಗದ ಕೇಬಲ್‌ಗಳಲ್ಲಿ ಎಡ, ಬಲ ಮತ್ತು ಎರಡಕ್ಕೂ ಸೇರಿ ಒಂದೇ ಗ್ರೌಂಡ್ (ಸಂಕೇತ ಹಿಂತಿರುಗುವ ತಂತಿ) ಎಂದು ಮೂರೇ ತಂತಿಗಳಿರುತ್ತವೆ. ಆ ಹಂಚಿಕೊಂಡ ಗ್ರೌಂಡ್‌ನ ರೋಧದಿಂದಾಗಿ ಒಂದು ಕಡೆಯ ಸದ್ದು ಇನ್ನೊಂದು ಕಡೆಗೆ ಅಲ್ಪ ಪ್ರಮಾಣದಲ್ಲಿ ಸೋರುತ್ತದೆ. 30 ಗೇಜ್‌ನ (ಗೇಜ್ ಎಂದರೆ ತಂತಿಯ ದಪ್ಪದ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು) ಒಂದೂವರೆ ಮೀಟರ್ ತಂತಿಯ ರೋಧ ಸುಮಾರು 0.5 ಓಮ್ ಆಗಿರುವುದರಿಂದ, 32 ಓಮ್‌ನ ಹೆಡ್‌ಫೋನ್‌ನಲ್ಲಿ ಈ ಸೋರಿಕೆ ಮೂಲ ಸದ್ದಿಗಿಂತ ಸುಮಾರು 36 ಡೆಸಿಬಲ್ ಕೆಳಗಿರುತ್ತದೆ. ನಾಲ್ಕು ತಂತಿಗಳಲ್ಲಿ ಎರಡು ಗ್ರೌಂಡ್‌ಗಳು ಪ್ಲಗ್‌ನಲ್ಲಿ ಮಾತ್ರ ಕೂಡುವುದರಿಂದ ಕೇಬಲ್‌ನ ಪಾಲಿನ ಸೋರಿಕೆ ಬಹುತೇಕ ಇಲ್ಲವಾಗುತ್ತದೆ. ಕೇಬಲ್ ಬದಲಿಸುವುದರಿಂದ ಅಳೆದು ತೋರಿಸಬಹುದಾದ ಲಾಭ ಏನಾದರೂ ಇದ್ದರೆ ಅದು ಬಹುಮಟ್ಟಿಗೆ ಇದೊಂದೇ.

ದಪ್ಪದ ವಿಷಯದಲ್ಲಿ ಅತಿಯಾಸೆ ಬೇಡ. 24 ಗೇಜ್ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.084 ಓಮ್, 26ಕ್ಕೆ 0.134, 28ಕ್ಕೆ 0.213 ಓಮ್ ರೋಧವಿರುತ್ತದೆ. ಒಂದೂವರೆ ಮೀಟರ್ ಕೇಬಲ್‌ನಲ್ಲಿ ಹೋಗಿ ಬರುವ ದಾರಿ ಮೂರು ಮೀಟರ್ ಆಗುವುದರಿಂದ 26 ಗೇಜ್‌ಗೆ ಒಟ್ಟು 0.4 ಓಮ್, 32 ಓಮ್‌ನ ಹೆಡ್‌ಫೋನ್‌ಗೆ ಇದರಿಂದಾಗುವ ನಷ್ಟ 0.1 ಡೆಸಿಬಲ್‌ನಷ್ಟು, 300 ಓಮ್‌ನ ಎಚ್‌ಡಿ 650ಕ್ಕೆ ಅದು ಲೆಕ್ಕಕ್ಕೇ ಬಾರದು. ಮನೆಯ ಕೆಲಸಕ್ಕೆ 26 ಗೇಜ್ ಹದವಾದದ್ದು. 28ರಲ್ಲಿಯೂ ಕೆಲಸ ನಡೆಯುತ್ತದೆ. 22 ಗೇಜ್ ಹಾಕಿದ ಕೇಬಲ್ ಕತ್ತಿನ ಮೇಲೆ ಹಗ್ಗದಂತೆ ಕೂರುತ್ತದೆ, ಅಷ್ಟೇ.

ಲೋಹದ ಬಗ್ಗೆ ಮಾರಾಟಗಾರರು ಹೇಳುವ ಮಾತುಗಳಿಗೆ ಕೊನೆಯಿಲ್ಲ. ಬೆಳ್ಳಿ ತಾಮ್ರಕ್ಕಿಂತ ಸುಮಾರು ಶೇಕಡಾ 6ರಷ್ಟು ಉತ್ತಮ ವಾಹಕ. ಆದರೆ ಒಂದು ಗೇಜ್‌ನಷ್ಟು ಹೆಚ್ಚು ದಪ್ಪದ ತಾಮ್ರ ಕೊಂಡರೆ ರೋಧ ಶೇಕಡಾ 20ರಷ್ಟು ತಗ್ಗುತ್ತದೆ, ಆ ಲೆಕ್ಕಕ್ಕೆ ಬೆಳ್ಳಿಯ ಬೆಲೆ ಹೊಂದುವುದಿಲ್ಲ. ನಿಜವಾಗಿ ಎಚ್ಚರ ವಹಿಸಬೇಕಾದದ್ದು ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ತಂತಿಯ ಬಗ್ಗೆ: ಅದರ ರೋಧ ಹೆಚ್ಚು, ಮಡಚಿ ಬಿಡಿಸಿದರೆ ಬೇಗ ತುಂಡಾಗುತ್ತದೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ; ಹೊರಗೆ ಕೆಂಪಾಗಿದ್ದು ಒಳಗೆ ಬಿಳಿ ಕಂಡರೆ ಅದು ಅಲ್ಯೂಮಿನಿಯಂ, ಹೊರಗೆ ಬಿಳಿಯಾಗಿದ್ದು ಒಳಗೆ ಕೆಂಪು ಕಂಡರೆ ತವರದ ಅಥವಾ ಬೆಳ್ಳಿಯ ಲೇಪವಿರುವ ತಾಮ್ರ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ಮೀಟರ್ ಲೆಕ್ಕದಲ್ಲಿ ಕೊಳ್ಳುವವರು ಒಂದು ತುಂಡು ಕೇಳಿ ಪಡೆದು ಈ ಪರೀಕ್ಷೆ ಮಾಡಿಯೇ ಹಣ ಕೊಡಬೇಕು. ಪ್ರತಿ ಎಳೆಗೂ ಎನಾಮೆಲ್ ಬಳಿದ ಲಿಟ್ಸ್ ತಂತಿ ಬೇಗ ಹಸಿರುಗಟ್ಟುವುದಿಲ್ಲ ಎಂಬುದು ನಿಜ. ಆದರೆ ಬೆಸುಗೆಗೆ ಮೊದಲು ಆ ಲೇಪವನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್‌ನ ಬೆಸುಗೆ ಐರನ್ ತುದಿಯಲ್ಲಿ ಸುಟ್ಟು ತೆಗೆಯಬೇಕಾಗುತ್ತದೆ, ಮೊದಲ ಬಾರಿ ಮಾಡುವವರಿಗೆ ಅದು ತೊಡಕಿನ ಕೆಲಸ.

ಕೇಬಲ್‌ನ ಮೃದುತ್ವಕ್ಕೆ ಇವೆಲ್ಲಕ್ಕಿಂತ ಹೆಚ್ಚು ಗಮನ ಕೊಡಿ, ಏಕೆಂದರೆ ದಿನವೂ ಅನುಭವಕ್ಕೆ ಬರುವುದು ಅದೇ. ಗಡಸು ಕೇಬಲ್ ಅಂಗಿಗೆ ಉಜ್ಜಿದಾಗಲೆಲ್ಲ ಆ ಕರಕರ ಸದ್ದು ನೇರ ಕಪ್‌ಗೆ ಏರುತ್ತದೆ. ಮುಚ್ಚಿದ ಕಪ್‌ಗಳ ಹೆಡ್‌ಫೋನ್‌ನಲ್ಲಿ ಇದು ಸಂಗೀತದ ನಡುವೆಯೂ ಕೇಳಿಸುವಷ್ಟಿರುತ್ತದೆ. ಒಂದು ಅಡಿ ತಂತಿಯನ್ನು ಒಂದು ತುದಿಯಲ್ಲಿ ಅಡ್ಡಲಾಗಿ ಹಿಡಿದರೆ ಅದು ತನ್ನ ಭಾರಕ್ಕೇ ಜೋತುಬೀಳಬೇಕು. ಎರಡು ಬೆರಳಿಗೆ ಸುತ್ತಿ ಬಿಟ್ಟರೆ ಸುರುಳಿಯ ಗುರುತು ಉಳಿಯಬಾರದು. ತೆಳುವಾದ ಹಲವು ಎಳೆಗಳಿಂದ ಮಾಡಿದ ತಂತಿ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ, ಒಂಟಿ ಎಳೆಯದು ಸೋಲುತ್ತದೆ. ಮೇಲ್ಕವಚದ ಪಾತ್ರವೂ ಇದೆ: ಪಿವಿಸಿ ಮೃದು, ಆದರೆ ಐರನ್ ತಾಗಿದರೆ ಹಿಂದಕ್ಕೆ ಸರಿದು ತಾಮ್ರ ಬತ್ತಲಾಗುತ್ತದೆ, ಟೆಫ್ಲಾನ್ ಬಿಸಿಗೆ ಜಗ್ಗುವುದಿಲ್ಲ, ಆದರೆ ಗಡಸು, ಸಿಲಿಕೋನ್ ಎಲ್ಲಕ್ಕಿಂತ ಮೃದುವಾದರೂ ಬಟ್ಟೆಗೆ ಅಂಟಿ ಎಳೆಯುತ್ತದೆ.

ಸಿದ್ಧ ಕೇಬಲ್ ಬೇಕೆಂದರೆ ಮೊಗಾಮಿ ಡಬ್ಲ್ಯೂ 2893 ಸುಲಭದ ಆಯ್ಕೆ: 26 ಗೇಜ್‌ನ ನಾಲ್ಕು ತಂತಿಗಳು, ಹೊರವ್ಯಾಸ 4.8 ಮಿ.ಮೀ. ಕೆನಾರೆಯ ಎಲ್-4ಇ6ಎಸ್ 6 ಮಿ.ಮೀ. ದಪ್ಪವಿದ್ದು ಮೈಕ್‌ಗೆ ಸೊಗಸು, ತಲೆಗೆ ಭಾರ. ಅದರಲ್ಲಿ ಎರಡು ನೀಲಿ, ಎರಡು ಬಿಳಿ ತಂತಿಗಳಿರುವುದರಿಂದ ಒಂದೇ ಬಣ್ಣದ ಜೋಡಿಯಲ್ಲಿ ಯಾವುದು ಯಾವುದೆಂದು ಮಲ್ಟಿಮೀಟರ್‌ನಿಂದ ಗುರುತಿಸಿ ಎರಡೂ ತುದಿಗೆ ಟೇಪ್ ಅಂಟಿಸಬೇಕು. ಎರಡೂ ಕಪ್‌ಗೆ ಹೋಗುವ ಹೆಡ್‌ಫೋನ್‌ನಲ್ಲಿ ಕವಲಿನಿಂದ (ಕೇಬಲ್ ಎರಡಾಗಿ ಒಡೆಯುವ ಜಾಗದಿಂದ) ಮೇಲೆ ಹೊರಕವಚ ಮತ್ತು ಶೀಲ್ಡ್ (ಹೊರಗಿನ ವಿದ್ಯುತ್ ಗದ್ದಲ ತಡೆಯುವ ಲೋಹದ ಪದರ) ಎರಡನ್ನೂ ತೆಗೆದು, ಎರಡೆರಡು ತಂತಿಗಳನ್ನು ಹೊದಿಕೆಯೊಳಗೆ ಒಯ್ಯಬಹುದು. ಹೆಡ್‌ಫೋನ್ ಸಂಕೇತಕ್ಕೆ ಶೀಲ್ಡ್ ಬೇಕಿಲ್ಲ.

ಹೊದಿಕೆಯಲ್ಲಿ ಮುಖ್ಯವಾಗಿ ಎರಡು ಬಗೆ. ಹಿಗ್ಗುವ ಪೆಟ್ (ಪ್ಲಾಸ್ಟಿಕ್) ಜಾಲರಿ ನೋಡಲು ಅಚ್ಚುಕಟ್ಟು, ಬಾಳಿಕೆಯೂ ಚೆನ್ನ. ಆದರೆ ಅದರ ಮೈ ಒರಟು, ಉಜ್ಜಿದರೆ ಸದ್ದು, ಕತ್ತಿಗೆ ತಾಗಿದರೆ ತುರಿಕೆ. ಕವಲಿನಿಂದ ಕೆಳಗೆ ಅದು ನಡೆಯುತ್ತದೆ, ಮೇಲೆ ಬೇಡ. ಹಿಗ್ಗಿದಷ್ಟೂ ಅದರ ಉದ್ದ ಕುಗ್ಗುವುದರಿಂದ ಐದನೇ ಒಂದು ಪಾಲಿನಷ್ಟು ಹೆಚ್ಚು ಕತ್ತರಿಸಿಕೊಳ್ಳಿ. ಇನ್ನೊಂದು, 550 ಪ್ಯಾರಾಕಾರ್ಡ್ ಎಂಬ ಪ್ಯಾರಾಚೂಟ್ ಹಗ್ಗ: ಒಳಗಿನ ದಾರಗಳನ್ನು ಎಳೆದು ಹಾಕಿದರೆ ಉಳಿಯುವ ನೈಲಾನ್ ಕೊಳವೆ ಬಟ್ಟೆಯಷ್ಟು ಮೃದು, ಸದ್ದೂ ಕಡಿಮೆ. ಎರಡು ತಂತಿ ಅದರೊಳಗೆ ಸಲೀಸಾಗಿ ಹೋಗುತ್ತವೆ. ನಾಲ್ಕಾದರೆ ತಾಳ್ಮೆ ಬೇಕು. ಒಳಗಿನ ಒಂದು ದಾರವನ್ನು ಉಳಿಸಿಕೊಂಡು, ತಂತಿಗಳ ತುದಿಗಳನ್ನು ಹಿಂದೆ ಮುಂದೆ ಜೋಡಿಸಿ ಅದಕ್ಕೆ ಟೇಪ್ ಸುತ್ತಿ, ದಾರವನ್ನು ಎಳೆಯುತ್ತ ಕೊಳವೆಯನ್ನು ಹುಳು ತೆವಳುವ ಹಾಗೆ ಸ್ವಲ್ಪ ಸ್ವಲ್ಪವೇ ಮುದುಡಿ ಜಾರಿಸಬೇಕು. ಅಗ್ಗದ ಹಗ್ಗಗಳಲ್ಲಿ ಪಾಲಿಪ್ರೊಪಿಲೀನ್‌ನವೂ ಇರುತ್ತವೆ. ಅದು ಸುಮಾರು 160 ಡಿಗ್ರಿಗೇ ಕರಗುತ್ತದೆ, ನೈಲಾನ್ 220ರವರೆಗೂ ತಡೆಯುತ್ತದೆ. ಹೀಟ್ ಗನ್ ಬಳಸುವಾಗ ಈ ವ್ಯತ್ಯಾಸ ಗೊತ್ತಾಗುತ್ತದೆ. ಬೆವರು ಹೀರುವುದು ಪ್ಯಾರಾಕಾರ್ಡ್‌ನ ದೋಷ. ಕರಾವಳಿಯ ಸೆಕೆಯಲ್ಲಿ ಕಡು ಬಣ್ಣದ್ದನ್ನೇ ಆರಿಸುವುದು ಲೇಸು.

ಹೊದಿಕೆಯೇ ಬೇಡ ಎನ್ನುವವರು ನಾಲ್ಕು ತಂತಿಗಳನ್ನು ಜಡೆ ಹೆಣೆಯಬಹುದು. ಇದಕ್ಕೆ ಉದ್ದ ಕಾಲು ಭಾಗದಷ್ಟು ಹೆಚ್ಚು ಬೇಕು.

ಬೆಸುಗೆಗೆ ಕೂರುವ ಮೊದಲು ಪ್ಲಗ್‌ನ ಹೊರಕವಚ, ಹೊದಿಕೆ, ಕವಲಿನ ತುಂಡು, ಹೀಟ್ ಶ್ರಿಂಕ್ ಟ್ಯೂಬ್‌ಗಳು (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆಗಳು), ಎಲ್ಲವೂ ತಂತಿಯ ಮೇಲೆ ಸರಿಯಾದ ಕ್ರಮದಲ್ಲಿ ಏರಿವೆಯೇ ಎಂದು ನೋಡಿ. ಬೆಸುಗೆಯ ನಂತರ ಅವುಗಳಿಗೆ ದಾರಿಯಿಲ್ಲ. ಬೆಸುಗೆ ಮುಗಿದ ಮೇಲೆ ಮಲ್ಟಿಮೀಟರ್ ಹಚ್ಚಿಟ್ಟುಕೊಂಡೇ ಎರಡೂ ತುದಿಗಳನ್ನು ನಾಲ್ಕೂ ಕಡೆಗೆ ಬಾಗಿಸಿ, ಸಂಪರ್ಕ ತಪ್ಪದಿದ್ದರೆ ಮಾತ್ರ ಟ್ಯೂಬ್‌ಗಳಿಗೆ ಬಿಸಿ ಕೊಡಿ. ಕೊನೆಯದಾಗಿ ಪ್ಲಗ್‌ನ ಹಿಡಿತ: ನ್ಯೂಟ್ರಿಕ್ ಎನ್‌ಪಿ3ಎಕ್ಸ್‌ನಂತಹ 6.35 ಮಿ.ಮೀ. ಪ್ಲಗ್ 4ರಿಂದ 7 ಮಿ.ಮೀ. ದಪ್ಪದ ಕೇಬಲನ್ನು ಕಚ್ಚಿ ಹಿಡಿಯುತ್ತದೆ. ಒಳದಾರ ತೆಗೆದ ಪ್ಯಾರಾಕಾರ್ಡ್ ಅಲ್ಲಿ ಸಡಿಲವಾಗಿ ಕೂತರೆ ಅದರ ಮೇಲೆ ಒಂದೆರಡು ಪದರ ಹೀಟ್ ಶ್ರಿಂಕ್ ಏರಿಸಿ ದಪ್ಪ ಮಾಡಿಕೊಂಡು ಬಿಗಿಯಬೇಕು, ಇಲ್ಲದಿದ್ದರೆ ಕೇಬಲ್ ಎಳೆದಾಗಲೆಲ್ಲ ಭಾರ ಬೆಸುಗೆಯ ಮೇಲೆಯೇ ಬೀಳುತ್ತದೆ.